ನಮ್ಮ ಹಾಡುಗಳಲ್ಲಿ ಹಣ: ಒಂದು ಇಣುಕು ನೋಟ



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನಾವು ಸ್ವಲ್ಪ ಹಿಂದೆ ಮುಂದೆ ನೋಡಿದೆವು. ಷೇರು, ಠೇವಣಿ, ಸಾಲ, ವಸೂಲಿ ಇವುಗಳ ಅಂಕಿಸಂಖ್ಯೆ ಕಾರ್ಯದರ್ಶಿಗಳ ವರದಿಯಲ್ಲಿ ಬಂದೇ ಬರುತ್ತದೆ. ಅದನ್ನೇ ನಾವೂ ಬರೆದರೆ ಓದುವವರು ಯಾರು? ಕಡೆಗೆ ಒಂದು ವಿಚಾರ ಹೊಳೆಯಿತು. ಹಣದ ವ್ಯವಹಾರವೇ ಈ ಸಂಘದ ಕಸುಬು. ಹಣದ ಬಗ್ಗೆ ನಮ್ಮ ಜನ ತಲೆತಲಾಂತರದಿಂದ ಏನು ಹಾಡಿಕೊಂಡು ಬಂದಿದ್ದಾರೆ ಎಂಬುದನ್ನು ಒಮ್ಮೆ ನೋಡೋಣ ಎಂದು ಹೊರಟೆವು.

ನೋಡಲು ಹೊರಟ ಮೇಲೆ ತುಸು ಗಾಬರಿಯೇ ಆಯಿತೆನ್ನಬೇಕು. ಏಕೆಂದರೆ ನಮ್ಮ ಹಾಡುಗಳಲ್ಲಿ ಹೆಚ್ಚಿನವು ಹಣವನ್ನು ಬೈಯುತ್ತವೆ. ಹಾಗಾದರೆ ಇಪ್ಪತ್ತೈದು ವರ್ಷ ಹಣ ಎಣಿಸಿ ಪಾವತಿ ಹರಿದುಕೊಟ್ಟ ನಾವು ಮಾಡಿದ್ದು ತಪ್ಪು ಕೆಲಸವೇ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಲೇಖನ ಬರೆದಿದ್ದೇವೆ.

ಕಲ್ಯಾಣದ ಅಕ್ಕಿ

ಹನ್ನೆರಡನೆಯ ಶತಮಾನದ ಕಲ್ಯಾಣದಿಂದಲೇ ಪ್ರಾರಂಭಿಸೋಣ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ರಾಜ್ಯದ ಬೊಕ್ಕಸ ಕೈಯಲ್ಲಿದ್ದೂ ಅದಕ್ಕೆ ಅಂಟಿಕೊಳ್ಳದೆ ಬದುಕಿದವರು. ಅದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ದಿನದ ಪ್ರಮಾಣಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಚೆಲ್ಲಿ ಬನ್ನಿ ಎಂದು ಕಳಿಸಿದಳು. ಇದು ನಮ್ಮ ಭಜನೆಗಳಲ್ಲಿ, ಪುರಾಣ ಪ್ರವಚನಗಳಲ್ಲಿ ಇವತ್ತಿಗೂ ಕೇಳಿಬರುವ ಕಥೆ.

ಇಲ್ಲಿ ಒಂದು ಮಾತು ಗಮನಿಸಬೇಕು. ಲಕ್ಕಮ್ಮ ಅಕ್ಕಿಯನ್ನು ಬೇಡವೆನ್ನಲಿಲ್ಲ. ದುಡಿದು ತಂದ ಅಕ್ಕಿ ಬೇಕು, ಅಗತ್ಯಕ್ಕೆ ಮೀರಿದ್ದು ಬೇಡ ಎಂದಳು. ಗಳಿಕೆಗೂ ದುರಾಸೆಗೂ ನಡುವೆ ಗೆರೆ ಎಳೆದವಳು ಮನೆಯ ಹೆಣ್ಣುಮಗಳು. ಸ್ವಸಹಾಯ ಗುಂಪಿನ ಲೆಕ್ಕವನ್ನು ಚೊಕ್ಕವಾಗಿ ಇಡುವ ನಮ್ಮ ಅಕ್ಕ ತಂಗಿಯರನ್ನು ಕಂಡಾಗಲೆಲ್ಲ ನಮಗೆ ಲಕ್ಕಮ್ಮನ ನೆನಪಾಗುತ್ತದೆ.

ದಾಸರು ಕರೆದ ಲಕ್ಷ್ಮಿ

ವಿಜಯನಗರದ ಕಾಲದ ಪುರಂದರದಾಸರು 1564ರಲ್ಲಿ ತೀರಿಕೊಂಡರೆಂದು ಹೇಳುತ್ತಾರೆ. ದಾಸರಾಗುವ ಮುಂಚೆ ಅವರು ಶ್ರೀನಿವಾಸ ನಾಯಕ, ಲೇವಾದೇವಿ ಮಾಡುವ ಭಾರೀ ಸಾಹುಕಾರ. ಹೆಂಡತಿ ದಾನ ಕೊಟ್ಟ ಮೂಗುತಿಯ ಪ್ರಸಂಗದಿಂದ ಕಣ್ಣು ತೆರೆದು ಎಲ್ಲ ಸಂಪತ್ತನ್ನೂ ತೊರೆದರೆಂಬ ಕಥೆ ಮಕ್ಕಳಿಗೂ ಗೊತ್ತು. ಇಂಥವರು ಹಣವನ್ನು ಎದುರಿಗೆ ನಿಲ್ಲಿಸಿಕೊಂಡು ಅದರ ಗುಣಾವಗುಣ ಎಣಿಸಿದ ಕೀರ್ತನೆಯೂ ಇದೆ. ಹಣವಿದ್ದವನಿಗೆ ಮಾನ, ಇಲ್ಲದವನಿಗೆ ಅವಮಾನ ಎಂಬ ಲೋಕದ ರೀತಿಯನ್ನು ಒಳಗಿದ್ದು ಕಂಡವರು ಅವರು.

ಆದರೆ ಶುಕ್ರವಾರದ ಸಂಜೆ ದೀಪ ಹಚ್ಚಿ ಲಕ್ಷ್ಮಿಯನ್ನು ಮನೆಗೆ ಕರೆಯುವಾಗ ನಮ್ಮ ಹೆಣ್ಣುಮಕ್ಕಳು ಹಾಡುವ ಹಾಡೂ ಅದೇ ದಾಸರದು! ನಮ್ಮ ಗದಗಿನ ಮಣ್ಣಿನ ಪಂಡಿತ ಭೀಮಸೇನ ಜೋಶಿಯವರು ಅದನ್ನು ಹಾಡಿ ದೇಶಕ್ಕೆಲ್ಲ ಕೇಳಿಸಿದರು. ಸಂಪತ್ತು ಬಿಟ್ಟವರು ಸಂಪತ್ತಿನ ದೇವತೆಯನ್ನು ಕರೆದದ್ದು ಹೇಗೆ? ಹಾಡನ್ನು ಮನಸ್ಸಿಟ್ಟು ಕೇಳಿ ನೋಡಿ. ಅದರಲ್ಲಿ ಲಕ್ಷ್ಮಿ ಓಡಿ ಬರುವುದಿಲ್ಲ, ಹಾರಿ ಬರುವುದಿಲ್ಲ. ಸಾವಕಾಶ ನಡೆದು ಬರುತ್ತಾಳೆ. ತಿಂಗಳು ತಿಂಗಳು ಕಟ್ಟುವ ಉಳಿತಾಯದ ಹಣ ಬರುವುದೂ ಹೀಗೇ ಅಲ್ಲವೇ? ಲಾಟರಿ, ಮಟಕಾದ ಲಕ್ಷ್ಮಿ ಓಡಿ ಬರುತ್ತಾಳೆ, ಬಂದ ದಾರಿಯಲ್ಲೇ ಓಡಿಯೂ ಹೋಗುತ್ತಾಳೆ.

ಹೋದ ನಾಣ್ಯ, ಉಳಿದ ಮಾತು

ದಾಸರ ಕಾಲದ ವರಹ, ಹಣ, ಕಾಸು ಇವೆಲ್ಲ ನಾಣ್ಯದ ಹೆಸರುಗಳು. ಹಣ ಎಂಬ ಸಣ್ಣ ಚಿನ್ನದ ನಾಣ್ಯವೇ ಕ್ರಮೇಣ ಎಲ್ಲ ದುಡ್ಡಿಗೂ ಹೆಸರಾಯಿತು. ನಮ್ಮ ಹಿರಿಯರ ಕಾಲದಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಬಂತು. 2011ರ ಜೂನ್ 30ಕ್ಕೆ ನಾಲ್ಕಾಣೆಯ ಚಲಾವಣೆಯೂ ನಿಂತಿತು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದದ್ದನ್ನಂತೂ ಯಾರೂ ಮರೆತಿಲ್ಲ. ಸರಕಾರಗಳು ನಾಣ್ಯ ಬದಲಿಸುತ್ತವೆ, ನೋಟು ಬದಲಿಸುತ್ತವೆ. ಹಾಡಿನೊಳಗಿನ ಕಾಸು ಮಾತ್ರ ಇನ್ನೂ ಚಲಾವಣೆಯಲ್ಲಿದೆ.

ಸಾಲ ಮತ್ತು ಮಾತು

ಸಾಲದ ಬಗ್ಗೆ ಸರ್ವಜ್ಞನಷ್ಟು ಖಡಾಖಂಡಿತ ಹೇಳಿದವರು ಕಡಿಮೆ. ಸಾಲ ತರುವ ದಿನದ ರುಚಿಯನ್ನೂ ಕೊಟ್ಟವನು ಬಂದು ಎಳೆದಾಡುವ ದಿನದ ನೋವನ್ನೂ ಮೂರೇ ಸಾಲಿನಲ್ಲಿ ಪಕ್ಕಪಕ್ಕ ಇಟ್ಟುಬಿಟ್ಟ. ಇದು ನಮ್ಮ ಹಳ್ಳಿಗಳಲ್ಲಿ ಓದು ಬಾರದವರಿಗೂ ಬಾಯಿಪಾಠ.

ಆದರೆ ನಮ್ಮ ಮಟ್ಟಿಗೆ ಸಾಲದ ಅತಿ ದೊಡ್ಡ ಹಾಡು ಗೋವಿನ ಹಾಡು. ಅದರಲ್ಲಿ ದುಡ್ಡಿನ ಸುದ್ದಿಯೇ ಇಲ್ಲ ಎನ್ನುತ್ತೀರಿ. ನಿಜ. ಆದರೂ ವಿಚಾರ ಮಾಡಿ. ಕರುವಿಗೆ ಹಾಲುಣಿಸಿ ಬರುತ್ತೇನೆಂದು ಪುಣ್ಯಕೋಟಿ ಹುಲಿಯಿಂದ ವಾಯಿದೆ ಪಡೆಯಿತು. ಜಾಮೀನಿಲ್ಲ, ಅಡವಿಲ್ಲ, ಬಾಂಡ್ ಪೇಪರಿಲ್ಲ. ಇದ್ದದ್ದು ಒಂದು ಮಾತು. ವಾಯಿದೆಗೆ ಸರಿಯಾಗಿ ತಾನಾಗಿ ತಿರುಗಿ ಬಂತು. ಪತ್ತಿನ ಸಂಘ ಎಂದರೇನು? ಪತ್ತು ಎಂದರೆ ನಂಬಿಕೆ ತಾನೇ?

ಇದಕ್ಕೆ ನಾವು ಕಣ್ಣಾರೆ ಕಂಡ ಒಂದು ಸಂಗತಿ ಬರೆಯಬೇಕು. 2003ರ ಬರಗಾಲ. ಸಂಘ ಇನ್ನೂ ಎಳೆಗೂಸು. ಬೆಳೆ ಒಣಗಿ ವಸೂಲಿ ನಿಂತುಹೋಗಿತ್ತು. ವಾಯಿದೆಯ ದಿನ ಬೆಳಿಗ್ಗೆ ವಯಸ್ಸಾದ ಒಬ್ಬ ತಾಯಿ ಸಂಘದ ಕಟ್ಟೆಗೆ ಬಂದು ಕೂತರು. ಕಟ್ಟಲು ಬಂದಿರಬೇಕೆಂದು ನಾವು ಪಾವತಿ ಪುಸ್ತಕ ತೆಗೆದೆವು. ಆ ತಾಯಿ ಹೇಳಿದ್ದು ಇಷ್ಟು: "ಕೊಡಾಕ ರೊಕ್ಕ ಇಲ್ರಿ ಯಪ್ಪಾ. ಇಲ್ಲ ಅಂತ ಹೇಳಾಕ ಬಂದೀನಿ. ಹುಲಿ ಮುಂದ ಆಕಳ ಬಂತು, ನಿಮ್ಮ ಮುಂದ ನಾ ಬರಬಾರದೇನು?" ಅಲ್ಲಿದ್ದವರು ಯಾರೂ ಮಾತಾಡಲಿಲ್ಲ. ಆಡಳಿತ ಮಂಡಳಿ ವಾಯಿದೆ ಮುಂದಕ್ಕೆ ಹಾಕಿತು. ಎರಡು ಹಂಗಾಮಿನಲ್ಲಿ ಅಸಲು ಬಡ್ಡಿ ಎರಡೂ ಮುಟ್ಟಿತು. ಅದೇ ವರ್ಷ ಕೊಡುವ ಶಕ್ತಿಯಿದ್ದೂ ಸಂಘದ ಕಡೆ ಹಾಯದವರೂ ಇದ್ದರು. ಅವರ ಹೆಸರು ಇಲ್ಲಿ ಬೇಡ. ಅವರೂ ಗೋವಿನ ಹಾಡು ಹಾಡಿಯೇ ಬೆಳೆದವರು.

ಕಾಂಚಾಣದ ಕುಣಿತ

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಧಾರವಾಡದ ವರಕವಿ ಬೇಂದ್ರೆಯವರ 'ಕುರುಡು ಕಾಂಚಾಣ' ಎದುರಿಗೆ ನಿಲ್ಲುತ್ತದೆ. ಕಾಂಚಾಣವೆಂದರೆ ಚಿನ್ನ, ಸಂಪತ್ತು. ಅದಕ್ಕೆ ಕಣ್ಣಿಲ್ಲ. ಕುಣಿಯುವುದೊಂದೇ ಗೊತ್ತು, ಕಾಲ ಕೆಳಗೆ ಯಾರು ಬಿದ್ದರೆಂದು ಗೊತ್ತಿಲ್ಲ. ಅದು ತೊಟ್ಟ ಒಡವೆ, ಹಿಡಿದ ಪಂಜು ಎಲ್ಲವೂ ಬಡವರ, ಬಾಣಂತಿಯರ, ಕೂಸುಗಳ ಸಂಕಟದಿಂದಲೇ ಆದವು ಎಂದು ಕವಿ ಕಾಣಿಸುತ್ತಾರೆ. ಜಾತ್ರೆಯ ಕುಣಿತದ ಗತ್ತಿನಲ್ಲಿರುವ ಈ ಪದ್ಯವನ್ನು ಗಾಯಕರು ಹಾಡುವಾಗ ಕಾಲು ತಾಳ ಹಾಕುತ್ತದೆ, ಎದೆ ಝಲ್ಲೆನ್ನುತ್ತದೆ.

ದಾಸರ ಲಕ್ಷ್ಮಿ ನಡೆದು ಬರುತ್ತಾಳೆ, ಬೇಂದ್ರೆಯವರ ಕಾಂಚಾಣ ಕುಣಿದು ತುಳಿಯುತ್ತದೆ. ಹಣ ಒಂದೇ, ನಡಿಗೆ ಎರಡು. ಹೀಗೆ ನೋಡಿದಾಗ ನಮ್ಮ ಮೊದಲಿನ ಗಾಬರಿ ಸ್ವಲ್ಪ ಇಳಿಯಿತು. ನಮ್ಮ ಹಾಡುಗಳು ಬೈದದ್ದು ಹಣವನ್ನಲ್ಲ, ಹಣದ ಕುರುಡುತನವನ್ನು.

ಬೆಳ್ಳಿತೆರೆಯ ದುಡ್ಡು

ಸಿನಿಮಾದವರೂ ಹಿಂದೆ ಬೀಳಲಿಲ್ಲ. ಗಾದೆಯನ್ನೇ ಹೆಸರು ಮಾಡಿಕೊಂಡ 'ದುಡ್ಡೇ ದೊಡ್ಡಪ್ಪ' 1966ರಲ್ಲಿ ಬಂತು. 1972ರ 'ಬಂಗಾರದ ಮನುಷ್ಯ' ದುಡಿಮೆಯನ್ನು ಕೊಂಡಾಡಿತು. ಕಲ್ಲುಭೂಮಿಯನ್ನೂ ಬಂಗಾರ ಮಾಡಬಹುದೆಂದು ಹಳ್ಳಿ ಹುಡುಗರಿಗೆ ಧೈರ್ಯ ಕೊಟ್ಟ ಹಾಡು ಅದರಲ್ಲಿದೆ. ಪಿ.ಬಿ. ಧುತ್ತರಗಿಯವರ ನಾಟಕ ಆಧರಿಸಿದ 'ಸಂಪತ್ತಿಗೆ ಸವಾಲ್' 1974ರಲ್ಲಿ ತೆರೆಗೆ ಬಂದಾಗ, ಅದರಲ್ಲಿ ಡಾ. ರಾಜಕುಮಾರ್ ತಾವೇ ಹಾಡಿದ ಎಮ್ಮೆಯ ಹಾಡು ಊರೂರಲ್ಲಿ ಮನೆಮಾತಾಯಿತು. ಸಂಪತ್ತಿಗೆ ಸವಾಲು ಹಾಕುವ ಚಿತ್ರದಲ್ಲಿ ಹೊಗಳಿಕೆ ಸಿಕ್ಕಿದ್ದು ಎಮ್ಮೆಗೆ! ನಗು ಬಂದರೂ ಮಾತು ಖರೆ. ರೈತನಿಗೆ ಹಾಲು ಕರೆಯುವ ಎಮ್ಮೆಗಿಂತ ದೊಡ್ಡ ಆಸ್ತಿ ಯಾವುದಿದೆ? ಎಮ್ಮೆ ಸಾಲ ಪಡೆದ ಸದಸ್ಯರನ್ನು ಕೇಳಿ ನೋಡಿ.

ಹಾಡು ಬಾಯಲ್ಲಿ, ಲೆಕ್ಕ ಖಾತೆಯಲ್ಲಿ

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೊರತೆಯನ್ನೂ ಮುಚ್ಚಿಡಬಾರದು. ಇದ್ದುದರಲ್ಲಿ ತೃಪ್ತಿ ಪಡು ಎಂದು ಬಡವರ ಬಾಗಿಲಲ್ಲಿ ಹಾಡಿದಷ್ಟು ಸಾಹುಕಾರರ ಪಡಸಾಲೆಯಲ್ಲಿ ಹಾಡಲಿಲ್ಲ. ಬೀಸುವ ಕಲ್ಲಿನ ಮುಂದೆ ತವರು, ತಾಯಿ, ಬಡತನದ ಸಂಕಟವನ್ನೆಲ್ಲ ಹಾಡಿಕೊಂಡ ಹೆಣ್ಣುಮಕ್ಕಳ ತ್ರಿಪದಿಗಳನ್ನು ಹಲಸಂಗಿಯ ಗೆಳೆಯರು ಕೂಡಿಸಿ 'ಗರತಿಯ ಹಾಡು' ಎಂದು 1931ರಲ್ಲಿ ಅಚ್ಚು ಹಾಕಿಸಿದರು. ಅಷ್ಟು ಜಾಣತನದ ಹಾಡು ಕಟ್ಟಿದ ಕೈಗೆ ಲೇಖಣಿ ಮಾತ್ರ ಸಿಕ್ಕಿರಲಿಲ್ಲ. ಹಾಡು ನಮ್ಮ ಬಾಯಲ್ಲಿತ್ತು, ಲೆಕ್ಕ ಸಾಹುಕಾರನ ಖಾತೆ ಪುಸ್ತಕದಲ್ಲಿತ್ತು. ಅವನು ಬರೆದದ್ದೇ ಬಡ್ಡಿ, ನಾವು ಒತ್ತಿದ್ದು ಹೆಬ್ಬೆಟ್ಟು.

ಈ ಸಿಟ್ಟು 1875ರಲ್ಲಿ ಪುಣೆ, ಅಹಮದನಗರ ಭಾಗದ ರೈತರಲ್ಲಿ ಭುಗಿಲೆದ್ದಿತು. ಅವರು ಸಾಹುಕಾರರ ಸಾಲಪತ್ರಗಳನ್ನು ಹುಡುಕಿ ಹುಡುಕಿ ಸುಟ್ಟರು. 1879ರಲ್ಲಿ ರೈತರ ಪರಿಹಾರಕ್ಕೆಂದು ಕಾಯಿದೆ ಬಂತು, 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. ಮರುವರ್ಷ 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂಬ ಕೀರ್ತಿ ಪಡೆಯಿತು. ಇದು ನಮ್ಮ ನಾಡಿಗೇ ಹೆಮ್ಮೆ. ಆದರೂ 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಹೊತ್ತಿಗೆ ರೈತರ ಸಾಲದಲ್ಲಿ ಸಹಕಾರ ಸಂಘಗಳ ಪಾಲು ನೂರಕ್ಕೆ ಮೂರರಷ್ಟು ಮಾತ್ರ, ಲೇವಾದೇವಿಯವರದು ನೂರಕ್ಕೆ ಸುಮಾರು ಎಪ್ಪತ್ತು. ದಾರಿ ಎಷ್ಟು ದೂರವಿತ್ತು ಎಂಬುದಕ್ಕೆ ಈ ಎರಡು ಅಂಕಿ ಸಾಕು.

ಸಂಘ ಮಾಡಿದ ದೊಡ್ಡ ಕೆಲಸ ಸಾಲ ಕೊಟ್ಟದ್ದಷ್ಟೇ ಅಲ್ಲ. ಲೆಕ್ಕದ ಪುಸ್ತಕವನ್ನು ಸಾಹುಕಾರನ ಗಾದಿಯಿಂದ ಎತ್ತಿ ತಂದು ನಮ್ಮ ಕೈಗೆ ಪಾಸ್‌ಬುಕ್ ಮಾಡಿ ಕೊಟ್ಟಿತು. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು "ಈ ಖರ್ಚು ಹೆಂಗಾತು?" ಎಂದು ಕೇಳುವ ಹಕ್ಕು ಕೊಟ್ಟಿತು. ಕುರುಡು ಕಾಂಚಾಣಕ್ಕೆ ಕಣ್ಣು ಬಂದದ್ದು ಹೀಗೆ. ಆ ಕಣ್ಣು ಮುಚ್ಚದಂತೆ ನೋಡಿಕೊಳ್ಳುವವರು ಸಭೆಗೆ ಬರುವ ಸದಸ್ಯರೇ ಹೊರತು ಬೇರೆ ಯಾರೂ ಅಲ್ಲ.

ಕಡೆಯ ಮಾತು

ಈಗ ಸಾಹುಕಾರ ಬಾಗಿಲಿಗೆ ಬರುವುದಿಲ್ಲ, ಮೊಬೈಲಿನೊಳಗೆ ಬಂದು ಕೂತಿದ್ದಾನೆ. ಗುಂಡಿ ಒತ್ತಿದರೆ ಐದು ನಿಮಿಷದಲ್ಲಿ ಸಾಲ. ಬಡ್ಡಿ ಎಷ್ಟು, ಕೊಟ್ಟವನು ಯಾರು, ಊರು ಯಾವುದು ಒಂದೂ ಗೊತ್ತಿಲ್ಲ. ಹೆಬ್ಬೆಟ್ಟು ಒತ್ತುವ ಕಾಲ ಹೋಯಿತೆಂದು ಹಿಗ್ಗಿದ್ದೆವು. ಓದಿದ ಹುಡುಗರೇ ಓದದೆ ಒತ್ತುತ್ತಿದ್ದಾರೆ. ಒತ್ತುವ ಮುಂಚೆ ಒಮ್ಮೆ ಸರ್ವಜ್ಞನನ್ನು ನೆನೆಯಿರಿ, ಒಮ್ಮೆ ಸಂಘದ ಕಟ್ಟೆಗೆ ಬಂದು ಕೇಳಿರಿ ಎಂದು ಕೈಮುಗಿದು ಬೇಡುತ್ತೇವೆ.

ಮೊದಲಿನ ಪ್ರಶ್ನೆಗೆ ಉತ್ತರ ಹೇಳಿ ಮುಗಿಸುತ್ತೇವೆ. ಹಣ ಎಣಿಸಿದ್ದು ತಪ್ಪಲ್ಲ. ಲಕ್ಕಮ್ಮನ ಅಳತೆ, ಪುಣ್ಯಕೋಟಿಯ ಮಾತು, ದಾಸರ ಲಕ್ಷ್ಮಿಯ ನಡಿಗೆ ಈ ಮೂರನ್ನೂ ಮರೆತು ಎಣಿಸಿದರೆ ತಪ್ಪು. ಬರಗಾಲದಲ್ಲಿ ಬರಿಗೈಯಲ್ಲಿ ಬಂದು ಕಟ್ಟೆಯ ಮೇಲೆ ಕೂತ ಆ ತಾಯಿ ಈಗಿಲ್ಲ. ಅವರು ಕೂತ ಕಟ್ಟೆ ಇದೆ. ವಾಯಿದೆಯ ದಿನ ಕೊಡಲು ಬನ್ನಿ, ಆಗದಿದ್ದರೆ ಹೇಳಲಾದರೂ ಬನ್ನಿ. ಬರುವವರು ಇರುವವರೆಗೆ ಸಂಘಕ್ಕೆ ಸುವರ್ಣ ಮಹೋತ್ಸವವೂ ದೂರವಿಲ್ಲ.

ಜೈ ಸಹಕಾರ!