ಬಿದಿರಿನ ಬಿಲ್ಲೋ, ರಾಟೆ ಬಿಲ್ಲೋ: ನಮ್ಮ ಸೀಮೆಯ ಹಳೇ ಪ್ರಶ್ನೆ

"ಮಾಮಾ, ರಾಟಿ ಬಿಲ್ಲು ಕೊಡಸ್ತಿಯೇನು?"

ಕೇಳಿದವನು ಹಿರೇಕೆರೂರು ತಾಲೂಕಿನ ಹಳ್ಳಿಯಲ್ಲಿರುವ ಅಕ್ಕನ ಮಗ. ವರ್ಷದಿಂದ ಬಿದಿರಿನ ಬಿಲ್ಲು ಹಿಡಿದಿದ್ದಾನೆ. 2023ರ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ಬಿಲ್ಲಿನ ಐದೂ ಚಿನ್ನ ಭಾರತಕ್ಕೆ ಬಂದಿದ್ದನ್ನು ಮೊಬೈಲಿನಲ್ಲಿ ನೋಡಿದಾಗಿನಿಂದ ಇದೇ ಹಟ. ಸ್ಪರ್ಧೆಗೆ ಬೇಕಾದ ಪೂರ್ತಿ ಸೆಟ್ ಲಕ್ಷ ದಾಟುತ್ತದೆ. ಗೋವಿನಜೋಳ ಮಾರಿದ ದುಡ್ಡು ಸಾಲದ ಕಂತಿಗೇ ಸಾಲದು ಅಂತ ಅವರಪ್ಪನ ಲೆಕ್ಕ.

ಈ ತಕರಾರು ಹೊಸದಲ್ಲ. ನಮ್ಮ ಸೀಮೆಯ ವೀರಗಲ್ಲುಗಳ ಕೆಳಗಿನ ಪಟ್ಟಿಕೆ ನೋಡಿ, ಬಿಲ್ಲು ಹಿಡಿದವರು ಸಿಗುತ್ತಾರೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ಹಿಮ್ಮೆಟ್ಟಿಸಿ ತಾನು ಮಡಿದ. ಅಂಥ ಕಾಳಗಕ್ಕೆ ಬಿದಿರಿನ ಬಿಲ್ಲು ತಕ್ಕದ್ದು. ಕಾಲಾಳು ನಿಂತು ಎಳೆಯಬಹುದು, ಮುರಿದರೆ ಊರಲ್ಲೇ ಇನ್ನೊಂದು ಮಾಡಬಹುದು.

ಕುದುರೆ ಮೇಲಿಂದ ಹೊಡೆಯುವ ಬಿಲ್ಲು ಬೇರೆ. ಅದು ಗಿಡ್ಡ. ಕಟ್ಟಿಗೆ, ಎಮ್ಮೆಕೊಂಬು, ಪ್ರಾಣಿಯ ನರ ಇವನ್ನು ಸರೇಸಿನಿಂದ ಅಂಟಿಸಿ ತಿಂಗಳುಗಟ್ಟಲೆ ಒಣಗಿಸಬೇಕು. ಬಲ ಹೆಚ್ಚು, ಆದರೆ ತೇವ ತಾಗಿದರೆ ಅಂಟು ಬಿಡುತ್ತದೆ. ಹಾನಗಲ್ಲಿನ ಮಳೆಗಾಲ ಗೊತ್ತಿದ್ದವರಿಗೆ ಇದರ ಪಾಡು ಬಿಡಿಸಿ ಹೇಳಬೇಕಿಲ್ಲ.

ಇಂಥ ಬಿಲ್ಲುಗಾರರಿದ್ದ ಬಹಮನಿ ಸೈನ್ಯದ ಎದುರು ವಿಜಯನಗರ ಮೇಲಿಂದ ಮೇಲೆ ಸೋತಿತು. 1406ರ ಯುದ್ಧದ ನಂತರ ಶಿಗ್ಗಾವಿ ತಾಲೂಕಿನ ನಮ್ಮ ಬಂಕಾಪುರವೇ ಫಿರೋಜ್ ಷಾನ ಪಾಲಾಯಿತು. ಇಮ್ಮಡಿ ದೇವರಾಯ (1424–46) ಸಭೆ ಕರೆದು ಸೋಲಿಗೆ ಕಾರಣ ಕೇಳಿದ. ಅವರಲ್ಲಿ ಒಳ್ಳೆಯ ಕುದುರೆ, ಒಳ್ಳೆಯ ಬಿಲ್ಲುಗಾರರು ಇದ್ದಾರೆ ಎಂಬ ಉತ್ತರ ಬಂತು. ಆತ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ಜಹಗೀರು ಕೊಟ್ಟ, ಅವರಿಗೆ ಮಸೀದಿ ಕಟ್ಟಿಸಿದ, ತನ್ನವರಿಗೆ ವಿದ್ಯೆ ಕಲಿಸಲು ಹಚ್ಚಿದ. 2,000 ಮುಸ್ಲಿಮರು, 60,000 ಹಿಂದೂ ಬಿಲ್ಲುಗಾರರು ತಯಾರಾದರು ಅನ್ನುತ್ತಾನೆ ಫಿರಿಸ್ತಾ. ಅವನು ಬರೆದದ್ದು ಒಂದೂವರೆ ಶತಮಾನ ಕಳೆದ ಮೇಲೆ, ಸಂಖ್ಯೆ ಉಬ್ಬಿರಲಿಕ್ಕೂ ಸಾಕು. 1443ರಲ್ಲಿ ದೇವರಾಯ ತುಂಗಭದ್ರೆ ದಾಟಿ ಮುದಗಲ್ಲು ಹಿಡಿದ. ಆದರೂ ಕೊನೆಗೆ ಕಪ್ಪ ಒಪ್ಪಿಯೇ ಸಂಧಿಯಾಯಿತು.

ರಾಟೆ ಬಿಲ್ಲು ತೀರಾ ಈಚಿನದು. ಅಮೆರಿಕದ ಮಿಸೌರಿಯ ಹಾಲೆಸ್ ವಿಲ್ಬರ್ ಅಲೆನ್ 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ, 1969ರಲ್ಲಿ ಸಿಕ್ಕಿತು. ತುದಿಯ ರಾಟೆಗಳಿಂದಾಗಿ 50 ಪೌಂಡಿನ ಬಿಲ್ಲನ್ನು ಪೂರ್ತಿ ಎಳೆದ ಮೇಲೆ ಕೈಗೆ ಉಳಿಯುವುದು ಹತ್ತು-ಹದಿನೈದು ಪೌಂಡ್ ಭಾರ. ಗುರಿ ಹಿಡಿಯಲು ಪುರಸೊತ್ತು ಸಿಗುತ್ತದೆ. ಬಿದಿರಿನಲ್ಲಿ ಎಳೆದಷ್ಟೂ ಭಾರ ಏರುತ್ತದೆ, ತೋಳು ನಡುಗುತ್ತದೆ.

ಹಾಗಂತ ಬಿದಿರು ಮೂಲೆಗೆ ಬಿದ್ದಿಲ್ಲ. ರಾಷ್ಟ್ರೀಯ ಸ್ಪರ್ಧೆಗಳಲ್ಲಿ 'ಇಂಡಿಯನ್ ರೌಂಡ್' ಅದರದ್ದೇ, 30 ಮತ್ತು 50 ಮೀಟರ್. ಒಲಿಂಪಿಕ್ಸ್‌ನಲ್ಲಿ 1972ರಿಂದ ಇರುವುದು ರಿಕರ್ವ್ ಮಾತ್ರ. ಕಾಂಪೌಂಡ್ ಮೊದಲ ಬಾರಿ ಬರುವುದು 2028ಕ್ಕೆ, ಅದೂ ಮಿಶ್ರ ತಂಡದ ಒಂದೇ ಪದಕಕ್ಕೆ.

ಅಳಿಯನಿಗೆ ನಾನು ಹೇಳಿದ್ದು: ಇನ್ನೆರಡು ವರ್ಷ ಬಿದಿರಿನಲ್ಲೇ ತೋಳು ಗಟ್ಟಿ ಮಾಡು, ಇಂಡಿಯನ್ ರೌಂಡ್ ಆಡು, ಅಪ್ಪನ ಸಾಲ ತೀರಲಿ.

"ಅಷ್ಟೊತ್ತಿಗೆ 2028 ಬಂದಿರ್ತದಲ್ಲ ಮಾಮಾ" ಅಂದ.