ಬಿಳಿಗೆರೆಗೆ 72 ಅಕ್ಷರ
ನಂಜನಗೂಡು ತಾಲ್ಲೂಕಿನ ನಮ್ಮ ಬಿಳಿಗೆರೆಯಲ್ಲಿ ಹೊಲದ ಗುರುತೆಂದರೆ ಸರ್ವೆ ನಂಬರು, ಒಂದು ಓರೆಗೆರೆ, ಹಿಸ್ಸಾ. ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಆ ಗೆರೆ ಯಾರ ತಂಟೆಗೂ ಹೋಗಿರಲಿಲ್ಲ. 2000ರ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೇರಿತು. ಆಮೇಲೆ ನಮ್ಮಂಥವರು ವೆಬ್ ಪುಟ ಬರೆಯತೊಡಗಿದಾಗ ಗೆರೆ ತಕರಾರು ತೆಗೆಯಿತು: 45/2 ಎಂದು ಟೈಪಿಸಿದರೆ ವಿಳಾಸದಲ್ಲಿ 45 ಒಂದು ಮೆಟ್ಟಿಲು, 2 ಇನ್ನೊಂದು.

ಈ ಜಗಳ ಹಳೆಯದು. 1995ರಲ್ಲಿ ಬ್ರೆಂಡನ್ ಐಕ್ ವೆಬ್ ಪುಟಗಳ ಭಾಷೆಯಾದ ಜಾವಾಸ್ಕ್ರಿಪ್ಟ್ ಕಟ್ಟಿದರು. ಅದರ ಹಳೆಯ ‘ಎಸ್ಕೇಪ್’ ಫಂಕ್ಷನ್ ಕನ್ನಡವನ್ನು ತನ್ನದೇ ಗುಪ್ತಲಿಪಿಗೆ ಇಳಿಸುತ್ತಿತ್ತು. ಎಷ್ಟೋ ಸರ್ವರುಗಳಿಗೆ ಅದು ಅರ್ಥವೇ ಆಗದು. ಆ ಭಾಷೆಯ ಮಾನದಂಡದ 1999ರ ಮೂರನೇ ಆವೃತ್ತಿ ಎರಡು ಮದ್ದು ತಂದಿತು. ‘ಎನ್‌ಕೋಡ್ ಯುಆರ್‌ಐ’ ಇಡೀ ವಿಳಾಸಕ್ಕೆ. ಓರೆಗೆರೆ, ಕೂಡಿಸುವ ಚಿಹ್ನೆಗಳನ್ನು ಮುಟ್ಟುವುದಿಲ್ಲ. ‘ಎನ್‌ಕೋಡ್ ಯುಆರ್‌ಐ ಕಾಂಪೊನೆಂಟ್’ ಬಳಕೆದಾರರು ಬರೆದ ತುಣುಕಿಗೆ. ಆ ಚಿಹ್ನೆಗಳನ್ನೂ % ಸಂಕೇತದಲ್ಲಿ ಮುಚ್ಚಿ ಕಳಿಸುತ್ತದೆ. ಹೆಸರು ಹೀಗಿಟ್ಟವರ ಮೇಲೆ ನನಗೆ ಸಿಟ್ಟಿದೆ, ಎರಡೂ ಒಂದೇ ಎಂದು ನಂಬಿದವರೇ ಹೆಚ್ಚು.

‘ಬಿಳಿಗೆರೆ’ಯಲ್ಲಿ ಯೂನಿಕೋಡ್ ಸಂಕೇತ 8, ಬೈಟು 24, ಹೀಗೆ ಮುಚ್ಚಿಕೊಂಡು ವಿಳಾಸಕ್ಕೆ ಹೋಗುವಾಗ ಅಕ್ಷರ 72! ಫಾರ್ಮಿನಲ್ಲಿ +91 ಬರೆದರೆ, ಮುಚ್ಚದ ಕೂಡಿಸುವ ಚಿಹ್ನೆ ಸರ್ವರಿನಲ್ಲಿ ಖಾಲಿ ಜಾಗವಾಗುತ್ತದೆ. ಓರೆಗೆರೆಯಂತೂ ಮುಚ್ಚಿದರೂ ಜಗಮೊಂಡ: ಅಪಾಚೆ ಸರ್ವರು ಮೂಲ ಸೆಟ್ಟಿಂಗಿನಲ್ಲಿ ಹಾದಿಯೊಳಗೆ ಅದನ್ನು ಕಂಡರೆ 404 ಎನ್ನುತ್ತದೆ. ಹಾಗಾಗಿ ನಾನು ಸರ್ವೆ ನಂಬರನ್ನು ವಿಳಾಸದ ಪ್ರಶ್ನೆ ಚಿಹ್ನೆಯ ಆಚೆಗೇ ಹಾಕುತ್ತೇನೆ. ಬ್ರೌಸರಿನ ನೆಟ್‌ವರ್ಕ್ ಪಟ್ಟಿಯಲ್ಲಿ ಹೊರಟದ್ದೇನು ಎಂದು ಮೊದಲು ನೋಡುತ್ತೇನೆ.