ಸಂತ ಲಿಡ್ವಿನಾ: ಎಳೆಹರೆಯದ ವ್ಯಾಧಿ ಮತ್ತು ಧರ್ಮಸಭೆಯ ಸಾಂತ್ವನ

ಹಾಲೆಂಡಿನ ಸ್ಖೀಡಾಮ್ ಪಟ್ಟಣದಲ್ಲಿ 1380ರಲ್ಲಿ ಜನಿಸಿದ ಲಿಡ್ವಿನಾ, ಸುಮಾರು ಹದಿನೈದರ ಹರೆಯದಲ್ಲಿ ಹಿಮದ ಮೇಲೆ ಜಾರುವಾಗ ಬಿದ್ದು ಪಕ್ಕೆಲುಬು ಮುರಿದುಕೊಂಡಳು. ಆಕೆ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಕ್ರಮೇಣ ನಡಿಗೆ ನಿಂತಿತು. ಒಂದು ಕೈ ಸ್ವಾಧೀನ ತಪ್ಪಿತು. ಒಂದು ಕಣ್ಣು ಕುರುಡಾಯಿತು, ಇನ್ನೊಂದು ಬೆಳಕನ್ನು ಸಹಿಸದಾಯಿತು. ಪಟ್ಟಣದ ಅಧಿಕಾರಿಗಳು 1421ರಲ್ಲಿ ಆಕೆಯ ಸ್ಥಿತಿಗೆ ಸಾಕ್ಷ್ಯಪತ್ರ ಬರೆದರು. ಆಕೆ ಮರಣಿಸಿದ್ದು 1433ರ ಏಪ್ರಿಲ್ 14ರಂದು. ಥಾಮಸ್ ಎ ಕೆಂಪಿಸ್ ಆಕೆಯ ಚರಿತ್ರೆಯನ್ನು ರಚಿಸಿದನು. 1890ರಲ್ಲಿ ಪೋಪ್ 13ನೇ ಲಿಯೋ ಆಕೆಗೆ ಸಲ್ಲುತ್ತಿದ್ದ ಗೌರವವನ್ನು ದೃಢೀಕರಿಸಿದರು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರವ್ಯಾಧಿಯನ್ನು ಫ್ರಾನ್ಸಿನ ವೈದ್ಯ ಶಾರ್ಕೋ 1868ರಲ್ಲಿ ಸ್ಪಷ್ಟವಾಗಿ ವಿವರಿಸಿದನು. ದೇಹದ ರಕ್ಷಣಾವ್ಯವಸ್ಥೆಯೇ ನರತಂತುಗಳ ಹೊದಿಕೆಯನ್ನು ಹಾನಿಗೊಳಿಸುವುದು ಇದರ ಸ್ವರೂಪ. ಬಹುಮಟ್ಟಿಗೆ ಯೌವನದಲ್ಲಿ ತೋರುವ ಈ ವ್ಯಾಧಿ ಕೆಲವರಲ್ಲಿ 18 ವರ್ಷಕ್ಕೆ ಮೊದಲೇ ಆರಂಭವಾಗುತ್ತದೆ. ಆಗ ಅದು ಸಾಮಾನ್ಯವಾಗಿ ಮರುಕಳಿಸುತ್ತ, ಶಮನಗೊಳ್ಳುತ್ತ ಸಾಗುತ್ತದೆ. ಲಿಡ್ವಿನಾಳದ್ದು ಇದೇ ವ್ಯಾಧಿ ಇರಬಹುದೆಂದು 1979ರಲ್ಲಿ ವೈದ್ಯ ಮೆಡೇರ್ ವಾದಿಸಿದನು. ಆರಂಭದ ವಯಸ್ಸು, ದೃಷ್ಟಿದೋಷ, ದೀರ್ಘಕಾಲದ ಪ್ರಗತಿ ಈ ಊಹೆಗೆ ಪೋಷಕ. ಆದರೆ ಚರಿತ್ರಕಾರರು ವರ್ಣಿಸುವ ಹುಣ್ಣುಗಳೂ ಅನ್ನವಿಲ್ಲದ ಬದುಕೂ ಇದಕ್ಕೆ ಸುಲಭವಾಗಿ ಹೊಂದವು. ಆದ್ದರಿಂದ ನಾವು ಇದನ್ನು ಸಾಧ್ಯತೆಯೆಂದಷ್ಟೇ ಸ್ವೀಕರಿಸುತ್ತೇವೆ.

ಈ ಊಹೆ ಆಕೆಯ ಪಾವಿತ್ರ್ಯವನ್ನು ಕುಗ್ಗಿಸುವುದೇ? ಇಲ್ಲವೆಂಬುದು ನಮ್ಮ ಅಭಿಮತ. ರೋಗಕ್ಕೆ ಹೆಸರಿಟ್ಟ ಮಾತ್ರಕ್ಕೆ ರೋಗಿಯ ಅಂತರಂಗದ ಕಥೆ ಮುಗಿಯದು. ನಮ್ಮ ಗಮನಕ್ಕೆ ಅರ್ಹವಾದದ್ದು ಚರಿತ್ರೆಯಲ್ಲೇ ಉಳಿದಿರುವ, ನಮ್ಮ ಪ್ರಬೋಧನೆಗಳು ಮರೆಯುವ ಒಂದು ಸಂಗತಿ: ಮೊದಲ ಮೂರು-ನಾಲ್ಕು ವರ್ಷ ಈ ಬಾಲೆ ತನ್ನ ಸ್ಥಿತಿಯನ್ನು ಒಪ್ಪಿಕೊಳ್ಳಲಿಲ್ಲ, ಅತ್ತಳು, ಗುಣವಾಗಲು ಹಂಬಲಿಸಿದಳು. ಯೇಸುಸ್ವಾಮಿಯ ಯಾತನೆಯನ್ನು ಧ್ಯಾನಿಸೆಂದು ಪಾಪನಿವೇದನೆಯ ಗುರು ಬೋಧಿಸಿದಾಗಲೂ ಅದು ಆಕೆಗೆ ಮೊದಲು ರುಚಿಸಲಿಲ್ಲ. ಶಾಂತಿ ಬಂದದ್ದು ನಿಧಾನವಾಗಿ, ಪರಮಪ್ರಸಾದದ ಮೂಲಕ.

ಇಂದು ಇಂಥ ವ್ಯಾಧಿಪೀಡಿತ ಮಗುವಿನ ಹಾಸಿಗೆಯ ಬಳಿ ನಿಲ್ಲುವ ಗುರುಗಳು 'ಇದು ದೇವರ ವರ' ಎಂದು ಅವಸರಿಸಬಾರದು. ಯೋಬನ ಗೆಳೆಯರು ಏಳು ದಿನ ಮೌನವಾಗಿ ಕುಳಿತಷ್ಟು ಕಾಲ ಸರಿಯಾಗಿಯೇ ಇದ್ದರು; ಬಾಯಿ ತೆರೆದ ಮೇಲೆ ಎಡವಿದರು. ಔಷಧಿಯನ್ನು ವಿಶ್ವಾಸದ ಕೊರತೆಯೆಂದು ಬಗೆಯುವುದೂ ಸಲ್ಲದು. ಪ್ರಾರ್ಥನೆಯೂ ಚಿಕಿತ್ಸೆಯೂ ಒಂದೇ ಕರುಣೆಯ ಎರಡು ಕೈಗಳು. ಸಂತಳೆನಿಸಿದವಳಿಗೇ ಅಳಲು ಕಾಲಾವಕಾಶ ದೊರೆತಿತ್ತು. ನಮ್ಮ ಮಕ್ಕಳಿಗೆ ಅದನ್ನು ನಿರಾಕರಿಸುವ ಅಧಿಕಾರ ನಮಗಿಲ್ಲ.